ಲೆಕ್ಕಕ್ಕೆ ಎಷ್ಟು ಬೇಕು?

ಪಕ್ಕದ ಮನೆಗೆ ಬೀಗ ಬಿದ್ದು ಆರು ವರ್ಷ ಆಯಿತು. ಆದರೂ 2025ರ ದಸರೆಗೆ ಊರಿಗೆ ಹೋದಾಗ ಆ ಬಾಗಿಲ ಮೇಲೆ ಹೊಸ ಸ್ಟಿಕರ್ ಒಂದು ಕಂಡಿತು. ನಮ್ಮ ಬಾಗಿಲಿಗೂ ಅಂಥದ್ದೇ ಒಂದು. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯುತ್ತಿದ್ದ ದಿನಗಳು ಅವು. ಕರೆಂಟ್ ಮೀಟರ್ ಇರುವ ಮನೆಗಳಿಗೆಲ್ಲ ಮೀಟರ್ ರೀಡರ್‌ಗಳು ಮೊದಲೇ ಬಂದು ಅಂಟಿಸಿ ಹೋಗಿದ್ದರು. ಮೀಟರ್ ಇದೆ ಅಂದ್ರೆ ಮನೆ ಇದೆ ಅಂತ ಲೆಕ್ಕ. ಒಳಗೆ ಯಾರಿದ್ದಾರೆ ಅನ್ನೋದು ಆಮೇಲೆ ಬರುವ ಟೀಚರ್ ತಲೆನೋವು. ಆ ಟೀಚರ್ ಮಾರನೇ ದಿನ ಹನ್ನೊಂದು ಗಂಟೆ ಹೊತ್ತಿಗೆ ಬಂದರು. ಡಾಂಬರು ಮುಗಿಯುವಲ್ಲೇ ಸ್ಕೂಟಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದಿದ್ದರು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಮ್ಮ ಕಾಲಿಗೆ ನೀರು ಕೊಟ್ಟು, 'ಆಸರಿಗೆ ಎಂತ ಕೊಡ್ಲಿ? ಮಜ್ಜಿಗೆ ಆಗ್ತದಾ?' ಎಂದು ಕೇಳಿದಳು. ಟೀಚರ್ ಮಜ್ಜಿಗೆ ಕುಡಿದು, ಮೊಬೈಲ್ ತೆಗೆದು, ಮೊದಲ ಪ್ರಶ್ನೆ ಕೇಳಿದರು. 'ಮನೇಲಿ ಎಷ್ಟು ಜನ ಇದ್ದೀರಿ ಅಮ್ಮ?'

ಅಮ್ಮ ಅರೆಗಳಿಗೆಯೂ ಯೋಚಿಸಲಿಲ್ಲ. 'ಇರೋದು ಇಬ್ರು. ಲೆಕ್ಕಕ್ಕೆ ಎಷ್ಟು ಬೇಕು?'

ಟೀಚರ್ ನಕ್ಕರು. ನಾನೂ ನಕ್ಕೆ. ಅಮ್ಮ ಮಾತ್ರ ನಗಲಿಲ್ಲ, ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು. ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ ಕೂತಾಗ ಆ ಮಾತು ಮತ್ತೆ ನೆನಪಾಯಿತು. ಅಮ್ಮ ತಮಾಷೆ ಮಾಡಿರಲಿಲ್ಲ. ಇರುವ ಲೆಕ್ಕ ಬೇರೆ, ಕೊಡಬೇಕಾದ ಲೆಕ್ಕ ಬೇರೆ ಅನ್ನೋದನ್ನು ಅವಳು ಒಂದು ಬಸ್ಸಿನಿಂದ ಕಲಿತಿದ್ದಾಳೆ.

ಕಂಡಕ್ಟರ್ ಇಟ್ಟ ಗಣತಿ

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಕಡೆ. ಹೆಸರಿಗೆ ಒಂದು ಊರು, ಇರೋದು ಏಳು ಕಡೆ. ಇಲ್ಲಿ ನಾಲ್ಕು ಮನೆ, ಗುಡ್ಡದ ಆಚೆ ಆರು ಮನೆ, ಹಳ್ಳ ದಾಟಿದರೆ ಹನ್ನೊಂದು. ತೋಟ ಎಲ್ಲಿದೆಯೋ ಮನೆ ಅಲ್ಲಿ. ಮೇನ್ ರೋಡಿಗೆ ನಾಲ್ಕು ಕಿಲೋಮೀಟರ್. ನಾನು ಹೈಸ್ಕೂಲಿಗೆ ಹೋಗುವಾಗ ಆ ನಾಲ್ಕು ಕಿಲೋಮೀಟರ್ ಒಳಗೆ ಬಂದು ಹೋಗುವ ಖಾಸಗಿ ಬಸ್ ಒಂದಿತ್ತು. ಬೆಳಿಗ್ಗೆ ಏಳೂಕಾಲಿಗೆ ಒಂದು ಟ್ರಿಪ್, ಸಂಜೆ ಆರಕ್ಕೆ ಒಂದು. ಬಸ್ಸಿನ ಹೆಸರು ಇಲ್ಲಿ ಬೇಡ. ಮುಂದೆ ಹೇಳುವುದೆಲ್ಲ ಅದಕ್ಕೆ ಹೊಗಳಿಕೆ ಆಗುವಂಥದ್ದಲ್ಲ.

ಅದರ ಕಂಡಕ್ಟರ್ ಅಣ್ಣ ಟಿಕೆಟ್ ಕೊಡುವುದಕ್ಕಿಂತ ಜಾಸ್ತಿ ಬೇರೆ ಕೆಲಸವನ್ನೇ ಮಾಡುತ್ತಿದ್ದ. ಬೆಳಿಗ್ಗೆ ಚೀಟಿ ಮತ್ತು ದುಡ್ಡು ಕೊಟ್ಟರೆ ಸಂಜೆ ಸಾಮಾನು ಬರುತ್ತಿತ್ತು. ಅಡಿಕೆಗೆ ಹೊಡೆಯುವ ಮೈಲುತುತ್ತು, ಅಜ್ಜನ ಬಿಪಿ ಮಾತ್ರೆ, ಪಂಪ್‌ಸೆಟ್ಟಿನ ವಾಷರ್, ಒಮ್ಮೆ ಯಾರದೋ ಮದುವೆ ಕಾಗದದ ಇಡೀ ಕಟ್ಟು. ಚಿಲ್ಲರೆಯನ್ನು ಚೀಟಿಯಲ್ಲೇ ಸುತ್ತಿ ವಾಪಸ್ ಕೊಡುತ್ತಿದ್ದ. ಯಾರ ಮನೆಯಲ್ಲಿ ಯಾರಿಗೆ ಎಂತ ಕಾಯಿಲೆ ಅನ್ನೋದು ಅವನಿಗೆ ಗೊತ್ತಿತ್ತು, ಯಾಕಂದ್ರೆ ಮಾತ್ರೆ ತರುವವನು ಅವನೇ.

ಒಂದು ದಿನ ಕಣ್ಣಿಗೆ ಕಟ್ಟಿದಂತಿದೆ. ಜುಲೈ ತಿಂಗಳು. ರಾತ್ರಿಯೆಲ್ಲ ಸುರಿದ ಮಳೆಗೆ ಹಳ್ಳ ಕಾಲುಸಂಕದ ಮಟ್ಟಕ್ಕೆ ಏರಿತ್ತು. ನಾವು ನಾಲ್ಕೈದು ಮಕ್ಕಳು ಬಸ್ ಹತ್ತಿ ಕೂತೆವು. ಡ್ರೈವರ್ ಸ್ಟಾರ್ಟ್ ಮಾಡಿದ. ಕಂಡಕ್ಟರ್ ಅಣ್ಣ 'ತಡಿ' ಎಂದು ಕೊಡೆ ಹಿಡಿದು ಇಳಿದ. ಹಳ್ಳದ ತನಕ ನಡೆದು ಹೋದ. ಹಿಂದಿನ ಕಿಟಕಿಯಿಂದ ನೋಡುತ್ತಿದ್ದೆವು. ಅವನು ಈಚೆ ದಡದಲ್ಲಿ ನಿಂತು ಆಚೆಗೆ ಕೂಗಿದ. ಆಚೆಯಿಂದ ಯಾರೋ ಕೈ ಅಲ್ಲಾಡಿಸಿದರು. ಪ್ಯಾಂಟ್ ಮೊಣಕಾಲವರೆಗೆ ಒದ್ದೆ ಮಾಡಿಕೊಂಡು ಬಂದವನೇ, 'ಆಚೆಮನೆ ಮೂರು ಮಕ್ಕಳು ಇವತ್ತು ಇಲ್ಲ. ಗಂಗಾಧರಣ್ಣನೂ ಇಲ್ಲ, ಅವ್ರ ಮಾತ್ರೆ ನಾಳೆ ತಂದ್ರಾಯ್ತು. ರೈಟ್' ಎಂದ. ಹತ್ತಿದವರನ್ನು ಎಣಿಸುವ ಕಂಡಕ್ಟರ್‌ಗಳು ಎಲ್ಲ ಕಡೆ ಇದ್ದಾರೆ. ಇವನು ಹತ್ತದವರನ್ನು ಎಣಿಸುತ್ತಿದ್ದ. ನಮ್ಮೂರಿನ ಇಷ್ಟು ನಿಖರವಾದ ಜನಗಣತಿ ಆಮೇಲೆ ಯಾರೂ ಮಾಡಿಲ್ಲ.

ಖಾಲಿ ಚೀಲದ ವಾರ

ಬಸ್ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಮೊದಲು ಭಾನುವಾರದ ಟ್ರಿಪ್ ಹೋಯಿತು. ಆಮೇಲೆ 'ಮಳೆಗಾಲದಲ್ಲಿ ಬರಲ್ಲ' ಎಂದರು. ಆಮೇಲೆ ಸಂಜೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ನನ್ನದೂ ಒಂದು ಪಾಲಿದೆ, ಮುಚ್ಚಿಡುವುದು ಬೇಡ. ಅಡಿಕೆಗೆ ಸ್ವಲ್ಪ ದರ ಬಂದ ವರ್ಷ ಮನೆಗೊಂದರಂತೆ ಬೈಕ್ ಬಂದವು. ನಮ್ಮ ಮನೆಗೂ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಂದವನು ನಾನೇ. ಗಂಡಸರು ಬೈಕಿನಲ್ಲಿ ಹೋದರು. ಬಸ್ಸಿಗೆ ಉಳಿದದ್ದು ಹೆಂಗಸರು, ಮಕ್ಕಳು, ಮುದುಕರು. ಗಾಡಿ ಓಡಿಸಲು ಬಾರದವರಿಗೆ ಮಾತ್ರ ಬೇಕಾದ ವಸ್ತು ಯಾವುದೇ ಆಗಲಿ, ಊರಿನ ಸಭೆಯಲ್ಲಿ ಅದರ ಪರವಾಗಿ ಗಟ್ಟಿ ದನಿ ಏಳುವುದಿಲ್ಲ.

2008ರಲ್ಲಿ ಬಸ್ ಪೂರ್ತಿ ನಿಂತಾಗ ಊರಿನವರು ಹತ್ತು ಜನ ಮಾಲೀಕರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಒಳ್ಳೆಯ ಮನುಷ್ಯ. ಕಾಫಿ ಕೊಟ್ಟು, ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಒಳಗೆ ಬಂದು ಹೋಗಲು ಎಂಟು ಕಿಲೋಮೀಟರ್. ಈ ಏರಿನಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ. ಡೀಸೆಲ್ ಆಗ ₹35 ದಾಟಿತ್ತು. ಅಂದರೆ ಒಂದು ಟ್ರಿಪ್ಪಿಗೆ ₹70 ಡೀಸೆಲ್ಲಿಗೇ ಹೋಯಿತು. ಬರುವಾಗ ಐದು ಜನ, ಹೋಗುವಾಗ ಐದು ಜನ, ತಲೆಗೆ ₹4. ಬಂದದ್ದು ₹40. ನಮ್ಮ ಕಡೆಯವರೊಬ್ಬರು, 'ಅದ್ಹೆಂಗೆ ಸ್ವಾಮಿ, ನಾವು ಪೇಟೆ ತನಕ ಟಿಕೆಟ್ ತಗೊಳ್ತೀವಲ್ಲ, ಅದನ್ನೂ ಸೇರಿಸಿ' ಎಂದರು. ಮಾಲೀಕರು ಪೆನ್ನು ಕೆಳಗಿಟ್ಟರು. 'ಬೇಜಾರು ಮಾಡ್ಕೋಬೇಡಿ. ನಾನು ಒಳಗೆ ಬರದಿದ್ರೂ ನೀವು ಮೇನ್ ರೋಡಿಗೆ ನಡ್ಕೊಂಡು ಬಂದು ನನ್ನ ಬಸ್ಸನ್ನೇ ಹತ್ತುತ್ತೀರಿ. ಆ ದುಡ್ಡು ನನಗೆ ಹೆಂಗೂ ಬರ್ತದೆ.'

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ನಾವು ನಡೆಯುತ್ತೇವೆ ಅನ್ನೋದೇ ನಮಗೆ ಬಸ್ ಸಿಗದಿರಲು ಕಾರಣ ಆಗಿತ್ತು. ನಡೆಯಲು ಆಗದವರು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಅವರು ಮನೆಯಲ್ಲೇ ಉಳಿಯುತ್ತಿದ್ದರು, ಕಲೆಕ್ಷನ್‌ಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕೊನೆಗೆ ಅವರೇ ಒಂದು ದಾರಿ ಹೇಳಿದರು. 'ಮೇ ಕೊನೆಯಿಂದ ಒಂದು ತಿಂಗಳು ಬಿಡ್ತೀನಿ. ಜನ ಆದ್ರೆ ಮುಂದುವರಿಸೋಣ.' ಊರಿಗೆ ಬಂದು ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ಮೀಟಿಂಗ್ ಆಯಿತು. ತೀರ್ಮಾನ ಏನಂದ್ರೆ, ಕೆಲಸ ಇರಲಿ ಇಲ್ಲದಿರಲಿ, ಮನೆಗೊಬ್ಬರು ದಿನಾ ಬಸ್ ಹತ್ತುವುದು. ಮೊದಲ ವಾರ ನೋಡಬೇಕಿತ್ತು. ಅಮ್ಮ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. 'ಎಲ್ಲಿಗೆ?' ಅಂದರೆ 'ಲೆಕ್ಕಕ್ಕೆ' ಅಂದಳು. ಪೇಟೆಗೆ ಹೋಗಿ ಸುಮ್ನೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ವಾಪಸ್ ಬಂದಳಂತೆ ಮೊದಲ ದಿನ. ಎರಡನೇ ದಿನ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದಳು. ಮೂರನೇ ದಿನ ಚೀಲ ಖಾಲಿ ಬರಲಿಲ್ಲ. ವರ್ಷದಿಂದ ತಪ್ಪಾಗಿದ್ದ ರೇಷನ್ ಕಾರ್ಡಿನ ಹೆಸರು ಸರಿಯಾಯಿತು. ಹೇಗೂ ಬಂದಿದ್ದೇವಲ್ಲ ಎಂದು ಮೇಲಿನಮನೆ ಅಜ್ಜ ಕಣ್ಣು ತೋರಿಸಿದರು. ಪೊರೆ ಬಂದಿದೆ ಅಂತ ಆವತ್ತೇ ಗೊತ್ತಾಗಿದ್ದು. ಅಷ್ಟು ದಿನ ಅವರು ಮನೆಯೊಳಗೆ ಹೊಗೆ ಜಾಸ್ತಿ ಅಂದುಕೊಂಡಿದ್ದರು. ಹೆಂಗಸರು ನಾಲ್ಕು ಜನ ಸೇರಿ ಬ್ಯಾಂಕಿಗೆ ಹೋಗಿ ಸಂಘದ ಸಾಲದ ಬಗ್ಗೆ ವಿಚಾರಿಸಿ ಬಂದರು.

ಕೆಲಸ ಇದ್ದರೆ ಜನ ಬಸ್ ಹತ್ತುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆ ವಾರ ನಾನು ಕಂಡದ್ದು ಉಲ್ಟಾ. ಬಸ್ ಬಂದ ಮೇಲೆ ಕೆಲಸಗಳು ಒಂದೊಂದಾಗಿ ಹೊರಗೆ ಬಂದವು. ಬಸ್ ಇಲ್ಲದಾಗ ಜನ ಅವನ್ನು ಕೆಲಸ ಅಂತಲೇ ಕರೆಯುತ್ತಿರಲಿಲ್ಲ, 'ಇರ್ಲಿ ಬಿಡು' ಅನ್ನುತ್ತಿದ್ದರು. ಐದು ಜನ ಹತ್ತುವ ಊರಿಗೆ ಐದು ಜನರದ್ದೇ ಅಗತ್ಯ ಅಂತ ಟ್ರಿಪ್ ಶೀಟ್ ನೋಡಿ ಹೇಳುವವರಿಗೆ ಆ ಅಜ್ಜನ ಕಣ್ಣಿನ ವಿಷಯ ಹೇಗೆ ಹೇಳುವುದು?

ಮೊದಲ ವಾರ ಮೂವತ್ತರ ಹತ್ತಿರ ಜನ. ಎರಡನೇ ವಾರ ಇಪ್ಪತ್ತು. ಜೂನ್ ನಡುವೆ ಮಳೆ ಜೋರಾಯಿತು, ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ ಶುರುವಾಯಿತು. ಲೆಕ್ಕಕ್ಕೆ ಹತ್ತಲು ಯಾರಿಗೂ ಪುರುಸೊತ್ತಿಲ್ಲ. ಒಂಬತ್ತು, ಆರು, ಐದು. ಒಂದು ಸೋಮವಾರ ಏಳೂಕಾಲಾದರೂ ಬಸ್ ಬರಲಿಲ್ಲ. ಯಾರೂ ಫೋನ್ ಮಾಡಿ ಕೇಳಲೂ ಇಲ್ಲ.

ಬಯಲು ಅಂತ ಬರೆದ ಘಟ್ಟ

ಬಸ್ಸಿನ ಲೆಕ್ಕ ಖಾಸಗಿಯವರದು, ಅವರಿಗೆ ಹೊಟ್ಟೆಪಾಡು. ರಸ್ತೆಯ ಲೆಕ್ಕ ಸರ್ಕಾರದ್ದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾದಾಗ ಒಂದು ಒಳ್ಳೆಯ ಮಾತು ಇಟ್ಟುಕೊಂಡಿತ್ತು. ಕಂದಾಯ ಗ್ರಾಮವನ್ನಲ್ಲ, ಜನವಸತಿಯನ್ನು ಲೆಕ್ಕಕ್ಕೆ ತಗೊಳ್ಳುತ್ತೇವೆ ಅಂತ. ಆದರೆ ಬಯಲು ಪ್ರದೇಶದಲ್ಲಿ ಒಂದು ಜನವಸತಿಗೆ 500 ಜನ ಇರಬೇಕು. ಬೆಟ್ಟದ ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಿಗೆ 250 ಸಾಕು. ಬೆಟ್ಟದ ರಾಜ್ಯ ಅಂದ್ರೆ ಹಿಮಾಚಲ, ಉತ್ತರಾಖಂಡ, ಈಶಾನ್ಯದ ಕಡೆ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಮ್ಮ ಘಟ್ಟ ಕಾಗದದ ಮೇಲೆ ಬಯಲು! ಅಕ್ಕಪಕ್ಕದ ವಸತಿಗಳನ್ನು ಸೇರಿಸಿ 500 ಮಾಡಬಹುದು, ಆದರೆ ಅವು 500 ಮೀಟರ್ ಒಳಗಿರಬೇಕು. ಬಯಲುಸೀಮೆಯಲ್ಲಿ 500 ಮೀಟರ್ ಅಂದರೆ ಒಂದು ಕೇರಿಯಿಂದ ಇನ್ನೊಂದು ಕೇರಿ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ, ನಡುವೆ ಒಂದು ಹಳ್ಳ. ಏಳು ಕಡೆಯನ್ನೂ ಒಟ್ಟು ಮಾಡಿದರೆ ನಾವು 500 ಆಗುತ್ತಿದ್ದೆವು. ಬಿಡಿಬಿಡಿಯಾಗಿ ಎಣಿಸಿದರೆ ಎಲ್ಲೂ ಆಗುವುದಿಲ್ಲ.

ತಮಾಷೆ ಅಂದ್ರೆ, ಮಲೆನಾಡು ಬೇರೆ ಥರ ಅನ್ನೋದು ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಒಂದು ಗ್ರಾಮ ಪಂಚಾಯ್ತಿಗೆ 5,000ದಿಂದ 7,000 ಜನ ಇರಬೇಕು ಅಂತಿದೆ. ಆದರೆ ಚಿಕ್ಕಮಗಳೂರು, ಕೊಡಗು, ಶಿವಮೊಗ್ಗ, ಉತ್ತರ ಕನ್ನಡದಂಥ ಜಿಲ್ಲೆಗಳಿಗೆ 2,500 ಸಾಕು. ಇಲ್ಲಿ ಜನ ಚದುರಿಕೊಂಡು ಬದುಕುತ್ತಾರೆ ಅಂತ ಆ ಕಾಯ್ದೆ ಬರೆದವರಿಗೆ ತಿಳಿದಿತ್ತು. ಸದಸ್ಯರನ್ನು ಆರಿಸಲು ನಾವು ಮಲೆನಾಡಿನವರು, ರಸ್ತೆ ಕೇಳಲು ಬಯಲಿನವರು. (ವೋಟಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಪಂಚಾಯ್ತಿ ಚುನಾವಣೆಯ ಹಿಂದಿನ ರಾತ್ರಿ ಬೆಂಗಳೂರಿನಿಂದ ನಮ್ಮನ್ನು ಕರೆತರಲು ಗಾಡಿ ಬರುತ್ತದೆ. ಊರಿನ ಬಾಗಿಲ ತನಕ. ಆ ದಿನ ಮಾತ್ರ ಯಾರೂ ಕಿಲೋಮೀಟರಿಗೆ ಡೀಸೆಲ್ ಎಷ್ಟು ಅಂತ ಕೇಳುವುದಿಲ್ಲ.)

ಇನ್ನು ಜನ ಎಲ್ಲಿಗೆ ಹೋದರು ಅನ್ನೋದು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಹತ್ತು ವರ್ಷ ಕಳೆದ ಮೇಲೆ 2,944 ಜನ ಕಡಿಮೆ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಆ 96 ಲಕ್ಷದಲ್ಲಿ ಒಬ್ಬ ನಾನು. ಫೆಬ್ರವರಿ 2011ರಲ್ಲಿ ಬಾಡಿಗೆ ರೂಮಿನ ಬಾಗಿಲಲ್ಲಿ ನಿಂತು ಹೆಸರು ಬರೆಸಿದ್ದು ನೆನಪಿದೆ. ಅಲ್ಲಿ ಒಂದು ಜಾಸ್ತಿ ಆಗಿದ್ದು ಅಂದರೆ ಇಲ್ಲಿ ಒಂದು ಕಮ್ಮಿ ಆಗಿದ್ದು ಅಂತ ಆಗ ಹೊಳೆದಿರಲಿಲ್ಲ.

ಎಲ್ಲರೂ ಬೆಂಗಳೂರಿಗೇ ಹೋದರು ಅಂತಲ್ಲ. ನಮ್ಮ ಕಡೆ ಒಂದು ಪದ್ಧತಿ ಬೆಳೆದಿದೆ, 'ಮಕ್ಕಳ ಓದಿಗೆ ಮನೆ ಮಾಡೋದು' ಅಂತ. ಮಗು ಒಂದನೇ ಕ್ಲಾಸಿಗೆ ಬರುತ್ತಿದ್ದಂತೆ ತಾಯಿ ಮಕ್ಕಳನ್ನು ಕರೆದುಕೊಂಡು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ. ತಂದೆ ಊರಲ್ಲಿ ಒಬ್ಬನೇ, ತೋಟ ಮತ್ತು ಕುಕ್ಕರ್ ಜೊತೆ. ಶನಿವಾರ ಸಂಜೆ ಬೈಕಿನಲ್ಲಿ ಹೋಗಿ ಭಾನುವಾರ ರಾತ್ರಿ ಬರುತ್ತಾನೆ. ಗಂಡ ಹೆಂಡತಿ ಚೆನ್ನಾಗೇ ಇದ್ದಾರೆ, ಬೇರೆ ಮಾಡಿದ್ದು ನಾಲ್ಕು ಕಿಲೋಮೀಟರ್. ಪಕ್ಕದ ಮನೆಯವರದ್ದೂ ಹೀಗೇ ಶುರುವಾಗಿದ್ದು. ಮೊದಲು ಅತ್ತಿಗೆ ಮತ್ತು ಮಕ್ಕಳು ಹೋದರು. ಮಕ್ಕಳು ದೊಡ್ಡವರಾಗಿ ಪೇಟೆಯಿಂದ ಬೆಂಗಳೂರಿಗೆ ಹೋದರು. ಒಂಟಿಯಾಗಿ ಅಡುಗೆ ಮಾಡಿಕೊಂಡು ಸಾಕಾದ ಅಣ್ಣ ತೋಟವನ್ನು ಗುತ್ತಿಗೆಗೆ ಕೊಟ್ಟು ಬೀಗ ಹಾಕಿದ. ಇದರಲ್ಲಿ ಯಾರೂ 'ಊರು ಬಿಡುತ್ತೇನೆ' ಅಂತ ಹೇಳಿದ್ದು ನೆನಪಿಲ್ಲ. ಆಮೇಲೆ ಶಾಲೆಯಲ್ಲಿ ಮಕ್ಕಳಿಲ್ಲ ಅಂತಾಯಿತು. ಬಸ್ಸಿಗೆ ಜನ ಇಲ್ಲ ಅಂತ ಮೊದಲೇ ಆಗಿತ್ತು. ಬಸ್ ಇಲ್ಲದ ಊರಿಗೆ ಹೆಣ್ಣು ಕೊಡುವುದಿಲ್ಲ ಅಂತ ಇನ್ನೊಂದು ಕಡೆ. ಪ್ರತಿಯೊಬ್ಬರೂ ಬಂದು ಎಣಿಸುವ ಹೊತ್ತಿಗೆ ಹಿಂದಿನವರು ಎಣಿಸಿ ಹೋದದ್ದರ ಫಲ ಎಣಿಕೆಗೆ ಸಿಗುತ್ತದೆ.

ಬೇರೆ ಥರ ಲೆಕ್ಕ ಹಾಕಿದವರೂ ನಮ್ಮ ಸೀಮೆಯಲ್ಲೇ ಇದ್ದರು. ಕೊಪ್ಪದ ಸಹಕಾರ ಸಾರಿಗೆ, 1991ರಲ್ಲಿ ಬಸ್ ನೌಕರರೇ ಸೇರಿ ಕಟ್ಟಿದ್ದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. ನಮ್ಮೂರಿಗೆ ಅದರ ಬಸ್ ಬರುತ್ತಿರಲಿಲ್ಲ, ಆದರೂ ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಅದನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೇನೆ. ಸುಮಾರು ಮೂವತ್ತು ವರ್ಷ ನಡೆಸಿದರು. 2020ರ ಫೆಬ್ರವರಿಯಲ್ಲಿ ಅದೂ ನಿಂತಿತು. ಕೊರೊನಾ ಲಾಕ್‌ಡೌನ್‌ಗೂ ಮೊದಲೇ.

ಸೊನ್ನೆ ಟಿಕೆಟ್

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಖಾಸಗಿ ಬಸ್ಸೇ ಜಾಸ್ತಿ ಇರುವ ನಮ್ಮ ಕಡೆ, ಕರಾವಳಿ ಕಡೆ, ಇದರ ಬಗ್ಗೆ ಗೊಣಗಾಟ ಇದ್ದೇ ಇದೆ. ಅಮ್ಮನಿಗೆ ಗೊಣಗುವಷ್ಟು ಪುರುಸೊತ್ತಿರಲಿಲ್ಲ. ಮೇನ್ ರೋಡಿನಲ್ಲಿ ದಿನಕ್ಕೆ ಎರಡು ಸಲ ಹೋಗುವ ಸರ್ಕಾರಿ ಬಸ್ಸಿನ ಟೈಮ್ ಪಂಚಾಂಗದ ಅಂಚಿನಲ್ಲಿ ಬರೆದುಕೊಂಡಳು. ಮೊದಲ ಸಲ ಶಿವಮೊಗ್ಗದ ತಂಗಿ ಮನೆಗೆ ಹೋಗಿ ಬಂದು ಫೋನ್ ಮಾಡಿದಳು. 'ಸೊನ್ನೆ ಅಂತ ಬರೆದ ಟಿಕೆಟ್ ಕೊಟ್ರು ಮಾರಾಯ. ಜೋಪಾನವಾಗಿ ಇಟ್ಕೊಂಡಿದೀನಿ.' ಖುಷಿಯಾಯಿತು. 'ಮೇನ್ ರೋಡಿಗೆ ಹೆಂಗೆ ಹೋದೆ?' ಎಂದೆ. 'ಆಟೋ. ಹೋಗ್ತಾ ನೂರೈವತ್ತು, ಬರ್ತಾ ಇನ್ನೂರು. ಬರುವಾಗ ಕತ್ತಲಾಗಿತ್ತಲ್ಲ.'

ಸೊನ್ನೆ ರೂಪಾಯಿಗೆ ಶಿವಮೊಗ್ಗ, ₹350ಕ್ಕೆ ನಾಲ್ಕು ಕಿಲೋಮೀಟರ್. ಯೋಜನೆ ತಪ್ಪು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಅಮ್ಮ ವರ್ಷಕ್ಕೊಮ್ಮೆ ನೋಡುತ್ತಿದ್ದ ತಂಗಿಯನ್ನು ಈಗ ಎರಡು ತಿಂಗಳಿಗೊಮ್ಮೆ ನೋಡುತ್ತಾಳೆ. ಅಪ್ಪನನ್ನು ಕೇಳದೆ ಹೋಗುತ್ತಾಳೆ, ಅದು ಇನ್ನೂ ದೊಡ್ಡದು. ಆದರೆ ಬಿಟ್ಟಿ ಟಿಕೆಟ್ ಸಿಗುವುದು ಬಸ್ಸಿನ ಮೆಟ್ಟಿಲ ಮೇಲೆ. ಅಮ್ಮನ ಪ್ರಯಾಣ ಶುರುವಾಗುವುದು ಅಡುಗೆಮನೆಯ ಬಾಗಿಲಿನಿಂದ. 2011ರ ಜನಗಣತಿಯ ಗ್ರಾಮ ಮಾಹಿತಿಯಲ್ಲಿ ಬಸ್ ಇಲ್ಲದ ಊರುಗಳಿಗೆ ಒಂದು ಅಕ್ಷರ ಹಾಕಿದ್ದಾರೆ. ಬಸ್ ಐದು ಕಿಲೋಮೀಟರ್ ಒಳಗೆ ಸಿಗುವುದಾದರೆ 'ಎ', ಹತ್ತರ ತನಕ 'ಬಿ', ಅದಕ್ಕಿಂತ ದೂರ 'ಸಿ'. ನಾಲ್ಕು ಕಿಲೋಮೀಟರ್ ಅಂದರೆ ಎ. ಒಳ್ಳೆ ಗ್ರೇಡು ಅಲ್ವಾ? ಅಪ್ಪನಿಗೆ ತೋರಿಸಿದಾಗ, 'ಮಳೆಗಾಲದಲ್ಲಿ ಝೆಡ್ ಅಂತ ಬರಿಬೇಕಿತ್ತು' ಎಂದ.

ಬೀಗದ ಮನೆ

ಕಂದಾಯ ದಾಖಲೆಯಲ್ಲಿ ಒಂದು ಪದ ಇದೆ, ಬೇಚರಾಕ್ ಗ್ರಾಮ. ಜನ ಇಲ್ಲದ ಊರು. ಹೆಸರು, ಸರ್ವೆ ನಂಬರ್, ಗಡಿ ಎಲ್ಲ ಇರುತ್ತದೆ, ಮನೆ ಮಾತ್ರ ಇಲ್ಲ. ಕರ್ನಾಟಕದ 29,340 ಹಳ್ಳಿಗಳು ಅಂತ 2011ರ ಲೆಕ್ಕ ಹೇಳುವಾಗ ಇಂಥವೂ ಅದರೊಳಗೆ ಸೇರಿರುತ್ತವೆ. ಪಾರ್ಸಿಯಿಂದ ಬಂದ ಪದ ಅದು. ಚಿರಾಗ್ ಅಂದರೆ ದೀಪ, ಬೇಚಿರಾಗ್ ಅಂದರೆ ದೀಪ ಇಲ್ಲದ್ದು. ಮನುಷ್ಯರನ್ನು ಹುಡುಕಲು ಮೀಟರ್ ಹಿಡಿದು ಹೊರಟ ಈ ಸಲದ ಸಮೀಕ್ಷೆ ನೋಡಿದಾಗ, ಆ ಹಳೇ ಶಾನುಭೋಗರ ಕ್ರಮಕ್ಕೇ ವಾಪಸ್ ಬಂದಿದ್ದೇವೆ ಅನ್ನಿಸಿತು.

ಆವತ್ತು ಟೀಚರ್ ನಮ್ಮ ಮನೆಯದು ಮುಗಿಸಿ, ಒಟಿಪಿ ಬಾರದೆ, ನೆಟ್‌ವರ್ಕ್ ಹುಡುಕಿಕೊಂಡು ಹಳೇ ಬಸ್ ಸ್ಟ್ಯಾಂಡಿನ ತನಕ ನಡೆದರು. ಅಲ್ಲೊಂದು ಮೂಲೆಯಲ್ಲಿ ಎರಡು ಕಡ್ಡಿ ಸಿಗುತ್ತದೆ. ತಗಡಿನ ಕೆಳಗೆ ಯಾರೋ ಕಟ್ಟಿಗೆ ಒಟ್ಟಿದ್ದರು. ವಾಪಸ್ ಬಂದು ಪಕ್ಕದ ಬೀಗ ನೋಡಿ, 'ಇಲ್ಲಿ ಯಾರೂ ಇಲ್ವಾ?' ಎಂದು ಕೇಳಿದರು. 'ಅಡಿಕೆ ಕೊನೆ ಕೊಯ್ಲಿಗೆ ಬರ್ತಾರೆ. ಚೌತಿಗೆ ಬರ್ತಾರೆ. ಬರ್ಕೊಳ್ಳಿ' ಎಂದಳು ಅಮ್ಮ. 'ಹಾಗೆ ಬರೆಯೋಕೆ ಬರಲ್ಲ ಅಮ್ಮ. ಬೆಂಗಳೂರಲ್ಲಿ ಬರೆಸಿರ್ತಾರೆ' ಎಂದು ಟೀಚರ್ 'ಬೀಗ ಹಾಕಿದೆ' ಅಂತ ಒತ್ತಿದರು. ನಾನು ಅವರನ್ನು ಬೈಕಿನಲ್ಲಿ ಸ್ಕೂಟಿ ತನಕ ಬಿಟ್ಟು ಬಂದೆ. ಅವರಿಗೆ ಆ ದಿನ ಇನ್ನೂ ಒಂಬತ್ತು ಸ್ಟಿಕರ್ ಬಾಕಿ ಇತ್ತು, ಅದರಲ್ಲಿ ಎಷ್ಟಕ್ಕೆ ಬೀಗ ಅಂತ ಗೊತ್ತಿರಲಿಲ್ಲ.

ಸಂಜೆ ಕತ್ತಲಾಗುತ್ತಿತ್ತು. ಪಕ್ಕದ ಮನೆಯ ಜಗುಲಿಯಲ್ಲಿ ಬಲ್ಬ್ ಉರಿಯುತ್ತಿತ್ತು. ಅಮ್ಮ ಬೀಗದ ಕೈ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಮೆಟ್ಟಿಲಿಳಿದು ಬರುತ್ತಿದ್ದಳು. ದಿನಾ ಹಚ್ಚುತ್ತಾಳಂತೆ, ನನಗೆ ಗೊತ್ತೇ ಇರಲಿಲ್ಲ.

'ಅಣ್ಣ ಫೋನ್ ಮಾಡಿದ್ದ' ಎಂದಳು. 'ಮೀಟರ್ ಓಡದಿದ್ರೆ ಕನೆಕ್ಷನ್ ಕಿತ್ಕೊಂಡು ಹೋಗ್ತಾರೋ ಎಂತೋ ಅಂತ ಅವನಿಗೆ ಹೆದರಿಕೆ. ಸ್ವಲ್ಪ ಓಡಿಸ್ತಿರು ಅಂದ.'